ಗುಡ್ಡ ಹತ್ತುವವರ ಜಾತಕ

ನಾಳೆ ಏನಾಗುವುದೆಂಬುದನ್ನು ಇಂದೇ ತಿಳಿದುಬಿಡಬೇಕೆಂಬ ಚಪಲ ಮನುಷ್ಯನಿಗೆ ಎಂದಿನಿಂದ ಅಂಟಿಕೊಂಡಿತೋ ಬಲ್ಲವರಿಲ್ಲ. ರೈತನು ಪಡುವಣ ಮುಗಿಲನ್ನು ನೋಡಿ ಮಳೆಯ ಮಾತಾಡುತ್ತಾನೆ. ಅಡಕೆಯ ವ್ಯಾಪಾರಿ ಧಾರಣೆಯ ಏರಿಳಿತವನ್ನು ಬೆರಳೆಣಿಸಿ ಹೇಳುತ್ತಾನೆ. ಹೆಣ್ಣು ಹೆತ್ತ ತಂದೆ ಜಾತಕಗಳ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಜೋಯಿಸರ ಜಗಲಿಯಲ್ಲಿ ಕಾದು ಕುಳಿತಿರುತ್ತಾನೆ. ಮಳೆ ಕೈಕೊಡುತ್ತದೆ, ಧಾರಣೆ ಕುಸಿಯುತ್ತದೆ, ಗುಣಗಳೆಲ್ಲ ಕೂಡಿಬಂದ ದಾಂಪತ್ಯದಲ್ಲಿಯೂ ಮೂರು ದಿನಕ್ಕೊಮ್ಮೆ ಪಾತ್ರೆಗಳ ಸದ್ದು ಬೀದಿಗೆ ಕೇಳಿಸುತ್ತದೆ. ಆದರೂ ಭವಿಷ್ಯ ಹೇಳುವವನ ಕಸುಬಿಗೆ ಕುಂದು ಬಂದುದಿಲ್ಲ. ನಿನ್ನೆ ತಪ್ಪಿದವನನ್ನೇ ಇಂದು ಮತ್ತೆ ಹುಡುಕಿಕೊಂಡು ಹೋಗಿ ಕೇಳುವುದು ಲೋಕದ ರೂಢಿ.

ಈ ಕಸುಬಿನ ನಾನಾ ಶಾಖೆಗಳಲ್ಲಿ ಅತ್ಯಂತ ನಿಷ್ಪ್ರಯೋಜಕವೂ, ಆದುದರಿಂದಲೇ ಅತ್ಯಂತ ನಿರ್ಮಲವೂ ಆದ ಶಾಖೆಯೊಂದು ಯೂರೋಪಿನಲ್ಲಿದೆ. ಸೈಕಲ್ ಪಂದ್ಯದಲ್ಲಿ, ಅದರಲ್ಲಿಯೂ ಗುಡ್ಡಗಾಡಿನ ದಾರಿಯಲ್ಲಿ ಓಟ ನಡೆಯುವ ದಿನದಂದು, ಯಾರು ಗೆಲ್ಲುವರೆಂದು ಮುಂದಾಗಿ ಹೇಳುವ ವಿದ್ಯೆ ಅದು. ಹಣ ಕಟ್ಟಿ ಜೂಜಾಡುವವರೂ ಅಲ್ಲಿ ಇದ್ದಾರೆ. ಅವರ ಮಾತು ಬೇರೆ. ಉಳಿದವರು ಕೇವಲ ಪ್ರೀತಿಗಾಗಿ ಹೇಳುವವರು. ಜುಲೈ ತಿಂಗಳಲ್ಲಿ ಫ್ರಾನ್ಸಿನ ಯಾವ ಸಣ್ಣ ಊರಿನ ಕಾಫಿಯಂಗಡಿಗೆ ಹೋದರೂ ಇಂಥ ಒಬ್ಬರನ್ನು ಕಾಣಬಹುದು. ಮುಂದೆ ಪತ್ರಿಕೆ ಹರಡಿರುತ್ತದೆ. ಅದರಲ್ಲಿ ಅಂದಿನ ದಾರಿಯ ಏರಿಳಿತದ ಚಿತ್ರ ಗರಗಸದ ಹಲ್ಲಿನಂತೆ ಅಚ್ಚಾಗಿರುತ್ತದೆ. ಕಿವಿಯ ಸಂದಿನಿಂದ ಪೆನ್ಸಿಲು ಇಳಿಯುತ್ತದೆ. ಒಂದು ಹೆಸರಿನ ಸುತ್ತ ಗೆರೆ ಬೀಳುತ್ತದೆ. ಸಂಜೆ ಐದರ ಹೊತ್ತಿಗೆ ಆ ಹೆಸರು ಸುಳ್ಳಾಗುತ್ತದೆ. ಮರುದಿನ ಬೆಳಗ್ಗೆ ಅದೇ ಮೇಜು, ಅದೇ ಪೆನ್ಸಿಲು, ಹೊಸ ಹೆಸರು.

ಪಂದ್ಯವನ್ನು ಅರಿಯದ ವಾಚಕರಿಗಾಗಿ ಎರಡು ಮಾತು ಹೇಳಬೇಕು. ಟೂರ್ ದ ಫ್ರಾನ್ಸ್ ಎಂಬ ಈ ಮಹಾಯಾತ್ರೆ 1903ರಲ್ಲಿ ಮೊದಲಾಯಿತು. ಮೂರು ವಾರ, ಇಪ್ಪತ್ತೊಂದು ದಿನದ ಓಟ, ಮೂರು ಸಾವಿರ ಕಿಲೋಮೀಟರಿಗೂ ಮಿಕ್ಕ ದಾರಿ. ಪ್ರತಿದಿನವೂ ಒಬ್ಬ ವಿಜಯಿ ಉಂಟು. ಅದಲ್ಲದೆ ಎಲ್ಲ ದಿನಗಳ ಕಾಲವನ್ನೂ ಕೂಡಿಸಿ, ಒಟ್ಟಿನಲ್ಲಿ ಯಾರು ಅತ್ಯಲ್ಪ ಕಾಲ ತೆಗೆದುಕೊಂಡಿರುವನೋ ಅವನಿಗೆ ಹಳದಿ ಅಂಗಿಯನ್ನು ತೊಡಿಸುತ್ತಾರೆ. ಈ ಅಂಗಿಯ ಪದ್ಧತಿ ಬಂದದ್ದು 1919ರಲ್ಲಿ. ಆ ಅಂಗಿಯನ್ನು ಒಂದೇ ಒಂದು ದಿನ ತೊಟ್ಟವನೂ ತನ್ನ ಊರಿನಲ್ಲಿ ಜೀವಮಾನವಿಡೀ ಗೌರವಕ್ಕೆ ಪಾತ್ರನಾಗಿರುತ್ತಾನೆ.

ಎಲ್ಲ ದಿನಗಳ ಭವಿಷ್ಯವೂ ಒಂದೇ ಬಗೆಯ ಕಷ್ಟದ್ದಲ್ಲ. ದಾರಿ ಬಯಲಿನಲ್ಲಿ ಸಾಗಿದರೆ ಹೇಳುವುದು ಸುಲಭ. ಇಡೀ ದಂಡು ಒಟ್ಟಾಗಿ ಊರು ಸೇರುತ್ತದೆ. ಕೊನೆಯ ಇನ್ನೂರು ಗಜಗಳಲ್ಲಿ ಸಿಡಿಗುಂಡಿನಂತೆ ಚಿಮ್ಮಬಲ್ಲ ನಾಲ್ಕೈದು ಮಂದಿಯಲ್ಲಿ ಒಬ್ಬ ಗೆಲ್ಲುತ್ತಾನೆ. ದಾರಿ ಆಲ್ಪ್ಸ್ ಅಥವಾ ಪಿರನೀಸ್ ಪರ್ವತಗಳ ನೆತ್ತಿಗೆ ಹೋದರೂ ಅಷ್ಟು ಕಷ್ಟವಿಲ್ಲ. ಹಗುರವಾದ ಮೈ, ಆಳವಾದ ಉಸಿರು ಉಳ್ಳ ನಾಲ್ಕಾರು ಜನ ಬಿಟ್ಟರೆ ಉಳಿದವರು ತಾವಾಗಿಯೇ ಹಿಂದೆ ಉದುರುತ್ತಾರೆ. ಪಂಡಿತರ ಮಾನ ಹೋಗುವುದು ನಡುವಣ ದಾರಿಯಲ್ಲಿ. ಅದು ಬಯಲೂ ಅಲ್ಲ, ಪರ್ವತವೂ ಅಲ್ಲ. ಎರಡು ಕಿಲೋಮೀಟರಿನ ಏರು, ಮೂರು ಕಿಲೋಮೀಟರಿನ ಇಳಿತ, ತಿರುವು, ಮತ್ತೆ ಏರು. ಅಲ್ಲಿ ಬಯಲಿನ ವೀರನೂ ಹಲ್ಲು ಕಚ್ಚಿ ಉಳಿದುಕೊಳ್ಳಬಹುದು, ಪರ್ವತದ ವೀರನೂ ಮುನ್ನುಗ್ಗಬಹುದು, ಯಾರೂ ಎಣಿಸದಿದ್ದ ಮೂರನೆಯವನು ಇಬ್ಬರ ಕಣ್ಣಿಗೂ ಮಣ್ಣೆರಚಿ ಹೋಗಬಹುದು.

ಇದರ ಮೂಲ ಎರಡು ಶಕ್ತಿಗಳ ಜಗಳದಲ್ಲಿದೆ: ಒಂದು ಗಾಳಿ, ಇನ್ನೊಂದು ಭಾರ. ಸಮತಟ್ಟಾದ ರಸ್ತೆಯಲ್ಲಿ ವೇಗವಾಗಿ ಹೋಗುವ ಸವಾರನ ದೊಡ್ಡ ವೈರಿ ಗಾಳಿ. ವೇಗ ಹೆಚ್ಚಿದಂತೆ ಗಾಳಿಯನ್ನು ಸೀಳುವ ಶ್ರಮ ವೇಗಕ್ಕಿಂತ ಬಹು ಬೇಗನೆ ಬೆಳೆಯುತ್ತದೆ. ಆದುದರಿಂದ ಮುಂದಿನವನ ಬೆನ್ನ ಮರೆಯಲ್ಲಿ ಅಡಗಿ ಬರುವವನು ತನ್ನ ಶಕ್ತಿಯ ಬಹುಪಾಲನ್ನು ಉಳಿಸಿಕೊಳ್ಳುತ್ತಾನೆ. ಏರು ಬಂದಾಗ ಲೆಕ್ಕ ಬದಲಾಗುತ್ತದೆ. ವೇಗ ತಗ್ಗುತ್ತದೆ, ಗಾಳಿಯ ಕಾಟ ಕಡಮೆಯಾಗಿ ಭೂಮಿಯ ಸೆಳೆತ ಎದುರು ನಿಲ್ಲುತ್ತದೆ. ಅಲ್ಲಿ ಮರೆಯಿಂದ ಪ್ರಯೋಜನ ಸ್ವಲ್ಪವೇ. ಪ್ರತಿಯೊಬ್ಬನೂ ತನ್ನ ಭಾರವನ್ನು ತಾನೇ ಮೇಲಕ್ಕೆ ಹೊರಬೇಕು. ಎಂಬತ್ತು ಕಿಲೋ ತೂಗುವವನು ಅರುವತ್ತು ಕಿಲೋ ತೂಗುವವನ ಜೊತೆ ಒಂದು ಗಂಟೆ ಪರ್ವತ ಹತ್ತಲಾರ. ಆದರೆ ಐದು ನಿಮಿಷದ ಗುಡ್ಡವಾದರೆ? ತೋಳು ತೊಡೆಗಳ ಮೊಂಡು ಬಲದಿಂದಲೇ ಅವನೂ ನೂಕಿಕೊಂಡು ಹೋದಾನು. ಗುಡ್ಡಗಾಡಿನ ದಿನದಂದು ಈ ಎರಡು ಲೆಕ್ಕಗಳೂ ಹತ್ತು ನಿಮಿಷಕ್ಕೊಮ್ಮೆ ಒಂದರ ಜಾಗಕ್ಕೆ ಇನ್ನೊಂದು ಬಂದು ಕೂರುತ್ತವೆ. ಪೆನ್ಸಿಲು ಹಿಡಿದವನು ತಬ್ಬಿಬ್ಬಾಗುವುದು ಸಹಜ.

ಇಷ್ಟೇ ಆಗಿದ್ದರೆ ಗಣಿತ ಬಲ್ಲವರು ಗೆದ್ದುಬಿಡುತ್ತಿದ್ದರು. ಆದರೆ ಕಾಲುಗಳ ಲೆಕ್ಕದ ಮೇಲೆ ಮನಸ್ಸುಗಳ ಲೆಕ್ಕ ಕುಳಿತಿದೆ. ಬೆಳಗ್ಗೆ ಓಟ ಮೊದಲಾದೊಡನೆ ಕೆಲವರು ದಂಡನ್ನು ಬಿಟ್ಟು ಮುಂದೆ ಓಡುತ್ತಾರೆ. ಒಟ್ಟು ಲೆಕ್ಕದಲ್ಲಿ ಅವರು ಬಹಳ ಹಿಂದೆ ಇದ್ದವರಾದರೆ ಹಳದಿ ಅಂಗಿಯವನಿಗೆ ಅವರ ಚಿಂತೆಯಿಲ್ಲ. ಹೋಗಲಿ ಎಂದು ಬಿಡುತ್ತಾನೆ. ಹಾಗಾದರೆ ಅವರನ್ನು ಅಟ್ಟಿ ಹಿಡಿಯುವವರು ಯಾರು? ದಿನದ ಗೆಲವು ಯಾರಿಗೆ ನಿಶ್ಚಿತವೆಂದು ಎಲ್ಲರೂ ಹೇಳುತ್ತಿರುವರೋ ಅವನ ತಂಡದವರು ಅಟ್ಟಬೇಕು. ಉಳಿದ ತಂಡಗಳು, 'ಗೆಲ್ಲುವವನು ನಿಮ್ಮವನು. ಗಾಳಿಗೆ ಎದೆ ಕೊಡುವ ಕೂಲಿ ನಮಗೇಕೆ?' ಎಂದು ಕೈಕಟ್ಟಿ ಕೂರುತ್ತವೆ. ಆ ಒಂದೇ ತಂಡ ಇಡೀ ದಿನ ದುಡಿದು ದಣಿಯುತ್ತದೆ. ಹೀಗೆ, ಒಬ್ಬನು ಗೆಲ್ಲುವನೆಂಬ ಭವಿಷ್ಯ ಬಲವಾದಷ್ಟೂ ಅವನು ಗೆಲ್ಲುವ ದಾರಿ ಕಿರಿದಾಗುತ್ತದೆ. ಮಳೆಗೆ ಹವಾಮಾನದ ವರದಿಯನ್ನು ಓದುವ ಅಭ್ಯಾಸವಿಲ್ಲ. ಸವಾರರಿಗೆ ಪತ್ರಿಕೆ ಓದುವ ಅಭ್ಯಾಸವುಂಟು. ಈ ವಿದ್ಯೆಯ ಎಲ್ಲ ಸಂಕಟವೂ ಅಲ್ಲಿದೆ.

2019ರ ಜುಲೈ 13ರಂದು ಮಾಕೋಂ ಪಟ್ಟಣದಿಂದ ಸೇಂತ್ ಎತ್ಯೆನ್ ಪಟ್ಟಣಕ್ಕೆ ನಡೆದ ಓಟ ಇದಕ್ಕೆ ಒಳ್ಳೆಯ ನಿದರ್ಶನ. ಇನ್ನೂರು ಕಿಲೋಮೀಟರಿನ ದಾರಿ, ಅದರುದ್ದಕ್ಕೂ ಒಂದರ ಹಿಂದೊಂದು ಗುಡ್ಡ. ಬೆಲ್ಜಿಯಮ್ಮಿನ ಥಾಮಸ್ ಡೆ ಗೆಂಟ್ ಎಂಬ ಸವಾರನು ಬೆಳಗ್ಗೆಯೇ ಮೂವರು ಸಂಗಡಿಗರೊಡನೆ ಮುಂದೆ ಓಡಿಹೋದನು. ಹಾಗೆ ಓಡಿಹೋಗುವುದು ಅವನ ಹುಟ್ಟುಗುಣವೆಂದು ಎಲ್ಲರೂ ಬಲ್ಲರು. ಹಾಗೆ ಓಡಿದವರು ಸಂಜೆಯೊಳಗೆ ಸಿಕ್ಕಿಬೀಳುವುದೇ ಹೆಚ್ಚೆಂಬುದನ್ನೂ ಎಲ್ಲರೂ ಬಲ್ಲರು. ಸಂಗಡಿಗರು ಒಬ್ಬೊಬ್ಬರಾಗಿ ಉದುರಿದರು. ಕೊನೆಯ ಏರಿನಲ್ಲಿ ಅವನೊಬ್ಬನೇ ಉಳಿದನು. ಹಿಂದಿನಿಂದ ಫ್ರಾನ್ಸಿನ ಇಬ್ಬರು ಮುದ್ದಿನ ಮಕ್ಕಳು, ಝೂಲಿಯಾಂ ಅಲಾಫಿಲಿಪ್ ಮತ್ತು ತಿಬೋ ಪಿನೋ, ದಂಡಿನಿಂದ ಚಿಮ್ಮಿ ಬೆನ್ನಟ್ಟಿದರು. ಅಂತರ ಕರಗುತ್ತ ಬಂತು. ಕರಗಿ ಕರಗಿ ಆರು ಸೆಕೆಂಡಿಗೆ ಬಂದು ನಿಂತಾಗ ಡೆ ಗೆಂಟ್ ಗೆರೆಯನ್ನು ದಾಟಿದ್ದನು. ಸುಮಾರು ಇನ್ನೂರು ಕಿಲೋಮೀಟರು ಗಾಳಿಗೆ ಎದೆಯೊಡ್ಡಿ ಬಂದವನಿಗೆ ಉಳಿದ ಬಂಡವಾಳ ಆರು ಸೆಕೆಂಡು! ಬೆಳಗ್ಗೆ ಅವನ ಹೆಸರಿಗೆ ಗೆರೆ ಸುತ್ತಿದ್ದವರು ಸಂಜೆ ಅಂಗಡಿಯಲ್ಲಿ ಎಷ್ಟು ಗಟ್ಟಿಯಾಗಿ ಮಾತಾಡಿರಬಹುದೆಂಬುದನ್ನು ಊಹಿಸಿಕೊಳ್ಳಬಹುದು. ಆದರೆ ಆ ಆರು ಸೆಕೆಂಡು ಇಲ್ಲದೆ ಹೋಗಿದ್ದರೆ ಅವರೇ ಪೆದ್ದರು. ವಿವೇಕಕ್ಕೂ ಪೆದ್ದುತನಕ್ಕೂ ನಡುವೆ ಇಷ್ಟೇ ಜಾಗವಿದ್ದಲ್ಲಿ ವಿವೇಕಿಯು ಬಹಳ ಜಂಬಪಡಬಾರದು.

ನಿಜವಾಗಿ ಬಲ್ಲವನು ಜಂಬಪಡುವುದೂ ಇಲ್ಲ. 'ಇವನೇ ಗೆಲ್ಲುತ್ತಾನೆ' ಎಂದು ಅವನು ಹೇಳುವುದಿಲ್ಲ. 'ನಾಲ್ಕರಲ್ಲಿ ಒಂದು ಪಾಲು ಇವನದು' ಎನ್ನುತ್ತಾನೆ. ನೂರೆಂಬತ್ತು ಮಂದಿ ಓಡುವಲ್ಲಿ ಒಬ್ಬನಿಗೆ ನಾಲ್ಕರಲ್ಲೊಂದು ಪಾಲು ಕೊಡುವುದೆಂದರೆ ಅದು ಬಹು ದೊಡ್ಡ ಗೌರವ. ಆದರೂ ಅದರ ಇನ್ನೊಂದು ಮಗ್ಗುಲನ್ನು ಜನ ನೋಡುವುದಿಲ್ಲ: ಹಾಗೆ ಹೇಳಿದವನ ಲೆಕ್ಕ ಪೂರ್ತಿ ಸರಿಯಾಗಿದ್ದರೂ ನಾಲ್ಕು ಸಲದಲ್ಲಿ ಮೂರು ಸಲ ಬೇರೆ ಯಾರೋ ಗೆಲ್ಲಬೇಕು. ಅಂದರೆ ಸರಿಯಾಗಿ ಹೇಳುವವನೇ ಬಹುಪಾಲು ದಿನ ಸೋತವನಂತೆ ಕಾಣುತ್ತಾನೆ. ಲೋಕ ಇದನ್ನು ಒಪ್ಪುವುದಿಲ್ಲ. ಅದಕ್ಕೆ ಒಂದೇ ಹೆಸರು ಬೇಕು, ಒಂದೇ ಮಾತು ಬೇಕು. ಆ ಹಸಿವನ್ನು ತಣಿಸಲು ಪಾಲಿನ ಮಾತಾಡದ ಜೋಯಿಸರು ಬರುತ್ತಾರೆ.

1964ರಲ್ಲಿ ಅಂಥವರೊಬ್ಬರು ಬಂದರು. ಅವರ ಹೆಸರು ಬೆಲಿನ್. ಪ್ಯಾರಿಸಿನಲ್ಲಿ ಹೆಸರಾದ ಜೋಯಿಸರು. ಆ ವರ್ಷ ಪಂದ್ಯದ ದೊರೆ ಝಾಕ್ ಆಂಕೆತಿಲ್. ಆ ಮೊದಲೇ ನಾಲ್ಕು ಸಲ ಗೆದ್ದವನು, ಐದನೆಯದಕ್ಕಾಗಿ ಬಂದಿದ್ದನು. ಹದಿನಾಲ್ಕನೆಯ ದಿನದ ಓಟದಲ್ಲಿ ಆಂಕೆತಿಲ್ಲನಿಗೆ ಅಪಘಾತವಾಗಿ ಪ್ರಾಣಕ್ಕೆ ಬರುವುದೆಂದು ಬೆಲಿನ್ ಭವಿಷ್ಯ ನುಡಿದರು. ಪತ್ರಿಕೆಯಲ್ಲಿ ಅದು ಅಚ್ಚಾಯಿತು. ಆಂಕೆತಿಲ್ ಲೆಕ್ಕಾಚಾರದ ಮನುಷ್ಯ. ಒಂದು ಸೆಕೆಂಡನ್ನೂ ದಂಡ ಮಾಡದೆ, ಎಷ್ಟು ಬೇಕೋ ಅಷ್ಟೇ ಓಡಿ ಗೆಲ್ಲುವವನೆಂದು ಹೆಸರಾದವನು. ಅಂಥವನ ಎದೆಯಲ್ಲಿಯೂ ಆ ಮಾತು ಮುಳ್ಳಿನಂತೆ ನೆಟ್ಟಿತು. ಮುನ್ನಾದಿನ ಆಂಡೋರಾದಲ್ಲಿ ವಿಶ್ರಾಂತಿ. ಉಳಿದವರು ಕಾಲು ಜಡವಾಗದಿರಲೆಂದು ಸೈಕಲ್ ತುಳಿಯುತ್ತಿದ್ದರೆ ಇವನು ಔತಣಕ್ಕೆ ಹೋಗಿ ಸುಟ್ಟ ಕುರಿಮಾಂಸವನ್ನು ಉಂಡನು. ಮರುದಿನ ಓಟ ಮೊದಲಾದೊಡನೆ ಎಂವಾಲಿರಾ ಕಣಿವೆಯ ಏರು, ಎರಡು ಸಾವಿರದ ನಾನೂರು ಮೀಟರಿಗೂ ಎತ್ತರ. ಎದುರಾಳಿಗಳು ಒಮ್ಮೆಲೇ ಮೇಲೆ ಬಿದ್ದರು. ನೆತ್ತಿ ತಲಪುವ ಹೊತ್ತಿಗೆ ದೊರೆ ಸುಮಾರು ನಾಲ್ಕು ನಿಮಿಷ ಹಿಂದಾಗಿದ್ದನು. ಜೋಯಿಸರ ಮಾತು ಅರ್ಧ ನಿಜವಾದಂತೆಯೇ ಇತ್ತು.

ಆ ಅರ್ಧವನ್ನು ನಿಜ ಮಾಡಿದ್ದು ಗ್ರಹಗಳೋ, ಗ್ರಹಗಳ ಮೇಲಣ ಭಯವೋ? ಅದನ್ನು ವಾಚಕರೇ ತೀರ್ಮಾನಿಸಬೇಕು. ತಂಡದ ಮೇಲ್ವಿಚಾರಕ ರಾಫಾಯೆಲ್ ಜೆಮಿನಿಯಾನಿ ಅವನನ್ನು ಬೈದು ಹುರಿದುಂಬಿಸಿದನು. ಬಾಟಲಿಯಲ್ಲಿ ಷಾಂಪೇನನ್ನು ಕೊಟ್ಟು ಕುಡಿಸಿದನೆಂಬ ಕಥೆಯೂ ಉಂಟು. ಇಳಿಜಾರಿನಲ್ಲಿ ಮಂಜು ಕವಿದು ಹತ್ತು ಗಜದಾಚೆಗೆ ಏನೂ ಕಾಣಿಸುತ್ತಿರಲಿಲ್ಲ. ಸಾಯುವನೆಂದು ಹೇಳಿಸಿಕೊಂಡವನು ಆ ಮಂಜಿನೊಳಗೆ ಜೀವದ ಹಂಗು ತೊರೆದವನಂತೆ ಧುಮುಕಿ ಮುಂದಿನವರನ್ನು ಹಿಡಿದನು. ಸಂಜೆ ಟೂಲೂಸ್ ನಗರದಲ್ಲಿ ಕಾಲ ಕಳೆದುಕೊಂಡವನು ಅವನಲ್ಲ, ಅವನ ಎದುರಾಳಿ. ಚಕ್ರದ ಕಡ್ಡಿ ಮುರಿದು ನಿಂತ ಎದುರಾಳಿಗೆ ಚಕ್ರ ಬದಲಿಸಿಕೊಟ್ಟ ಮಿಸ್ತ್ರಿ ಬೇಗ ಹೊರಡಲೆಂದು ಜೋರಾಗಿ ನೂಕಿದನು. ಆ ನೂಕಿಗೆ ಅವನು ಬಿದ್ದನು. ಎರಡೂವರೆ ನಿಮಿಷ ಹೋಯಿತು. ಗ್ರಹಚಾರ ಬಂದದ್ದು ನಿಜ. ವಿಳಾಸ ಮಾತ್ರ ತಪ್ಪಿತ್ತು.

ಆ ವಿಳಾಸದಲ್ಲಿದ್ದವನ ಹೆಸರು ರೇಮೋಂ ಪುಲಿದೋರ್. ಬೇಸಾಯದ ಮನೆಯ ಮಗ, ಹೊಲದ ಮಣ್ಣಿನ ಬಣ್ಣದ ಮುಖ, ಸಾವಧಾನದ ಮಾತು. ಆ ವರ್ಷ ಅವನಿಗೆ ಒದಗಿದ ವಿಘ್ನಗಳನ್ನು ಯಾವ ಕಾದಂಬರಿಕಾರನಾದರೂ ಬರೆದಿದ್ದರೆ ಸಂಪಾದಕರು ಅತಿಯಾಯಿತೆಂದು ಹಿಂದಿರುಗಿಸುತ್ತಿದ್ದರು. ಮೊನಾಕೋದಲ್ಲಿ ಓಟ ಮುಗಿಯುವುದು ಕ್ರೀಡಾಂಗಣದ ಸುತ್ತುದಾರಿಯಲ್ಲಿ. ಇನ್ನೊಂದು ಸುತ್ತು ಬಾಕಿಯಿದೆಯೆಂಬುದನ್ನು ಮರೆತು ಪುಲಿದೋರ್ ಮೊದಲೇ ಚಿಮ್ಮಿ ಗೆರೆ ದಾಟಿದನು. ನಿಜವಾದ ಕೊನೆಯ ಸುತ್ತಿನಲ್ಲಿ ಗೆದ್ದವನು ಆಂಕೆತಿಲ್. ಗೆದ್ದವನಿಗೆ ಒಂದು ನಿಮಿಷದ ಬೋನಸ್ಸು. ಪಂದ್ಯದ ಕೊನೆಗೆ ಇಬ್ಬರ ನಡುವೆ ಉಳಿದ ಅಂತರ ಐವತ್ತೈದು ಸೆಕೆಂಡು. ಕೂಡಿ ಕಳೆಯಲು ಬರುವ ಯಾವ ಹುಡುಗನೂ ಇದನ್ನು ಓದಿ ನಿಟ್ಟುಸಿರಿಡಬಹುದು.

ಆದರೆ ಜನ ನೆನೆಯುವುದು ಮೊನಾಕೋವನ್ನಲ್ಲ, ಪ್ಯುಯಿ ದ ದೋಮ್ ಎಂಬ ಗುಡ್ಡವನ್ನು. ಆರಿಹೋದ ಜ್ವಾಲಾಮುಖಿ ಅದು. ಮಧ್ಯ ಫ್ರಾನ್ಸಿನಲ್ಲಿ ಬೋರಲು ಹಾಕಿದ ಕೊಪ್ಪರಿಗೆಯಂತೆ ನಿಂತಿದೆ. 1964ರ ಜುಲೈ 12ರಂದು ಓಟ ಅದರ ನೆತ್ತಿಯಲ್ಲಿ ಮುಗಿಯಬೇಕಾಗಿತ್ತು. ಹಳದಿ ಅಂಗಿ ಆಂಕೆತಿಲ್ಲನ ಮೈಮೇಲೆ. ಪುಲಿದೋರ್ ಐವತ್ತಾರು ಸೆಕೆಂಡು ಹಿಂದೆ. ದಾರಿಯ ಎರಡೂ ಬದಿಗೆ ಜನಸಾಗರ. ಕಡಿದಾದ ಏರಿನಲ್ಲಿ ಇಬ್ಬರೂ ಅಕ್ಕಪಕ್ಕ, ಮೊಣಕೈಗೆ ಮೊಣಕೈ ತಾಗಿಸಿಕೊಂಡು ಹತ್ತಿದರು. ಆಗ ತೆಗೆದ ಛಾಯಾಚಿತ್ರವನ್ನು ಫ್ರಾನ್ಸಿನಲ್ಲಿ ಕಾಣದವರಿಲ್ಲ. ಆಂಕೆತಿಲ್ಲನ ಶಕ್ತಿ ಆಗಲೇ ತೀರಿತ್ತೆಂದೂ, ಅದು ತಿಳಿಯದಿರಲೆಂದೇ ಅವನು ಹಿಂದೆ ಉಳಿಯದೆ ಪಕ್ಕದಲ್ಲಿ ಸಾಗಿದನೆಂದೂ ಹೇಳುತ್ತಾರೆ. ಪುಲಿದೋರ್ ಆ ಮುಖವನ್ನು ಓದಲಾರದೆ ಹೋದನು. ಕೊನೆಯ ಕಿಲೋಮೀಟರಿನೊಳಗೆ ಅವನು ಜಿಗಿದಾಗ ಎದುರಾಳಿ ಒಮ್ಮೆಲೇ ಕುಸಿದನು. ನಲವತ್ತೆರಡು ಸೆಕೆಂಡು ಸಿಕ್ಕಿತು. ಐವತ್ತಾರರಲ್ಲಿ ನಲವತ್ತೆರಡು ಕಳೆದರೆ ಹದಿನಾಲ್ಕು. ಅರ್ಧ ಕಿಲೋಮೀಟರಿನಷ್ಟು ಮೊದಲು ಜಿಗಿದಿದ್ದರೆ ಎಂಬ ಪ್ರಶ್ನೆ ಅವನನ್ನು ಸಾಯುವವರೆಗೂ ಬಿಡಲಿಲ್ಲ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಆ ದಿನ ಗುಡ್ಡವನ್ನು ಗೆದ್ದವನು ಪುಲಿದೋರನೂ ಅಲ್ಲ. ಸ್ಪೇನಿನ ಹೂಲಿಯೋ ಹಿಮೆನೆಜ್ ಮೊದಲಿಗ, ಅದೇ ದೇಶದ ಫೆದೆರಿಕೋ ಬಹಾಮೋಂತೆಸ್ ಎರಡನೆಯವ. ಮೊದಲ ಇಬ್ಬರಿಗಿದ್ದ ಬೋನಸ್ಸನ್ನು ಅವರು ಹಂಚಿಕೊಂಡರು. ಮೊದಲಿಗನ ಒಂದು ನಿಮಿಷ ಪುಲಿದೋರನ ಪಾಲಿಗೆ ಬಂದಿದ್ದರೆ ಹದಿನಾಲ್ಕು ಸೆಕೆಂಡಿನ ಮಾತೇ ಇರುತ್ತಿರಲಿಲ್ಲ. ಹಳದಿ ಅಂಗಿ ಅಂದು ಸಂಜೆಯೇ ಅವನ ಮೈಮೇಲಿರುತ್ತಿತ್ತು. ಲಕ್ಷಾಂತರ ಕಣ್ಣುಗಳು ಯಾರ ಮೇಲೆ ನೆಟ್ಟಿದ್ದವೋ ಅವರಿಬ್ಬರೂ ಗೆಲ್ಲಲಿಲ್ಲ. ಯಾರನ್ನು ಯಾರೂ ಗಮನಿಸಲಿಲ್ಲವೋ ಅವರಿಬ್ಬರೇ ಪಂದ್ಯದ ಹಣೆಬರಹವನ್ನು ಬರೆದರು. 'ಗುಡ್ಡವನ್ನು ಯಾರು ಗೆಲ್ಲುತ್ತಾರೆ?' ಎಂಬುದು ಕಾಫಿಯಂಗಡಿಯ ಕ್ಷುಲ್ಲಕ ಪ್ರಶ್ನೆಯೆಂದು ನಗುವವರು ಈ ದಿನವನ್ನು ನೆನೆಯಬೇಕು.

ಪುಲಿದೋರ್ ಹದಿನಾಲ್ಕು ಸಲ ಈ ಯಾತ್ರೆಯನ್ನು ಮಾಡಿದನು. ಮೂರು ಸಲ ಎರಡನೆಯವ, ಐದು ಸಲ ಮೂರನೆಯವ. ಒಂದೇ ಒಂದು ದಿನವೂ ಹಳದಿ ಅಂಗಿಯನ್ನು ತೊಡಲಿಲ್ಲ. 1973ರಲ್ಲಿ ಮೊದಲ ದಿನದ ಕಿರು ಓಟದಲ್ಲಿ ಒಂದು ಸೆಕೆಂಡೂ ತುಂಬದ ಅಂತರದಿಂದ ಅದು ತಪ್ಪಿಹೋಯಿತು. ಎಂದೆಂದಿಗೂ ಎರಡನೆಯವನಾಗಿ ಉಳಿಯುವವನಿಗೆ ಫ್ರೆಂಚ್ ನುಡಿಯಲ್ಲಿ ಅವನ ಹೆಸರೇ ಗಾದೆಯಾಯಿತು. ಆದರೆ ವಿಚಿತ್ರವೇನೆಂದರೆ, ಐದು ಸಲ ಗೆದ್ದ ಆಂಕೆತಿಲ್ಲನನ್ನು ಜನ ಗೌರವಿಸಿದರು. ಒಮ್ಮೆಯೂ ಗೆಲ್ಲದ ಪುಲಿದೋರನನ್ನು ಪ್ರೀತಿಸಿದರು. 'ಪೂಪೂ' ಎಂದು ಮನೆಯ ಮಗುವನ್ನು ಕರೆಯುವಂತೆ ಕರೆದರು. ಯಾರು ಗೆಲ್ಲುವರೆಂದು ಹೇಳಲು ಸಾವಿರ ಪಂಡಿತರಿದ್ದರು; ಯಾರು ಜನರ ಎದೆಯಲ್ಲಿ ಉಳಿಯುವರೆಂದು ಹೇಳಲು ಒಬ್ಬನೂ ಇರಲಿಲ್ಲ. ಮುಪ್ಪಿನಲ್ಲಿ ಆತ, ಹಳದಿ ಅಂಗಿಯ ಪೋಷಕರಾದ ಬ್ಯಾಂಕಿನ ಪರವಾಗಿ, ಹಳದಿ ಬಣ್ಣದ ಷರಟನ್ನೇ ತೊಟ್ಟು ವರುಷ ವರುಷವೂ ಪಂದ್ಯದ ಊರೂರುಗಳಲ್ಲಿ ಜನರಿಗೆ ಹಸ್ತಾಕ್ಷರ ಕೊಡುತ್ತಿದ್ದನು. ಆ ಬಣ್ಣ ಆತನನ್ನು ಕೊನೆಗೂ ಕೂಡಿತು, ಆದರೆ ಅಂಗಡಿಯ ಬಾಗಿಲಿನಿಂದ. 2019ರ ನವೆಂಬರಿನಲ್ಲಿ ಆತ ತೀರಿಕೊಂಡನು.

ಆತನಿಗೆ ಮಗಳ ಮಗನೊಬ್ಬನಿದ್ದನು. ಹೆಸರು ಮ್ಯಾಥ್ಯೂ ವಾನ್ ಡರ್ ಪೂಲ್. ನೆದರ್ಲೆಂಡ್ಸಿನ ಪರ ಓಡುವವನು. ಅವನ ತಂದೆ ಆದ್ರಿ 1984ರಲ್ಲಿ ಒಂದು ದಿನ ಹಳದಿ ಅಂಗಿ ತೊಟ್ಟಿದ್ದವನು. ತಂದೆಗೆ ದಕ್ಕಿದ್ದು ತಾತನಿಗೆ ದಕ್ಕಿರಲಿಲ್ಲ. ಮೊಮ್ಮಗನು ಕೆಸರುಗದ್ದೆಯ ಸೈಕಲ್ ಪಂದ್ಯಗಳಲ್ಲಿ ವಿಶ್ವವಿಜೇತನಾಗಿ, ದೊಡ್ಡ ಮೈಕಟ್ಟಿನ ಬಲಶಾಲಿಯಾಗಿ ಬೆಳೆದು, 2021ರಲ್ಲಿ ಮೊದಲ ಸಲ ಟೂರ್ ದ ಫ್ರಾನ್ಸಿಗೆ ಬಂದನು. ಅವನ ತಂಡದವರು ಹಿಂದೆ ಪುಲಿದೋರ್ ತೊಡುತ್ತಿದ್ದ ಊದಾ ಹಳದಿ ಬಣ್ಣಗಳ ಉಡುಪನ್ನು ಹೊಲಿಸಿಕೊಂಡು ಆರಂಭಕ್ಕೆ ಬಂದು ನಿಂತರು.

ಮೊದಲ ದಿನ, ಜೂನ್ 26, ಬ್ರಿಟನಿ ಪ್ರಾಂತದ ಗುಡ್ಡದ ದಾರಿ. ವಾನ್ ಡರ್ ಪೂಲ್ ಗೆಲ್ಲುವನೆಂದು ಎಣಿಸಿದ್ದವರು ಬಹಳ. ರಸ್ತೆಯ ಬದಿಯಲ್ಲಿ ಯಾರೋ ಒಬ್ಬರು ರಟ್ಟಿನ ಫಲಕವನ್ನು ಚಾಚಿ ನಿಂತದ್ದು ಒಬ್ಬ ಸವಾರನಿಗೆ ತಗುಲಿ, ದಂಡಿನ ಬಹುಭಾಗವೇ ಉರುಳಿತು. ಅದನ್ನು ಯಾವ ಪಂಚಾಂಗದಲ್ಲಿ ಬರೆದಿತ್ತು? ಕೊನೆಗೆ ಗೆದ್ದವನು ಅಲಾಫಿಲಿಪ್. ವಾನ್ ಡರ್ ಪೂಲ್ ಎಂಟು ಸೆಕೆಂಡು ಹಿಂದೆ. ಗೆದ್ದವನ ಬೋನಸ್ಸು ಹತ್ತನ್ನು ಸೇರಿಸಿದರೆ ಹದಿನೆಂಟು ಸೆಕೆಂಡಿನ ಸಾಲ.

ಎರಡನೆಯ ದಿನದ ಓಟ ಮುಗಿಯುವುದು ಮ್ಯೂರ್ ದ ಬ್ರತಾಞ್ ಎಂಬಲ್ಲಿ. ಆ ಹೆಸರಿನ ಮೊದಲ ಪದ ಕಿವಿಗೆ 'ಗೋಡೆ' ಎಂಬ ಫ್ರೆಂಚ್ ಪದದಂತೆಯೇ ಕೇಳಿಸುತ್ತದೆ. ರಸ್ತೆಯನ್ನು ನೋಡಿದರೆ ಕಣ್ಣಿಗೂ ಹಾಗೆಯೇ ಕಾಣುತ್ತದೆ. ಬಾಣ ಬಿಟ್ಟಂತೆ ನೇರವಾಗಿ ಮೇಲೇರುವ ಎರಡು ಕಿಲೋಮೀಟರಿನ ದಾರಿ. ಸರಾಸರಿ ನೂರು ಮೀಟರಿಗೆ ಏಳು ಮೀಟರು ಏರು. ಪಂಡಿತರನ್ನು ಕೆಣಕಲೆಂದೇ ಪ್ರಕೃತಿ ನಿರ್ಮಿಸಿದ ಗುಡ್ಡವಿದು. 2011ರಲ್ಲಿ ಇಲ್ಲಿ ಆಲ್ಬೆರ್ತೋ ಕೋಂತಾದೋರ್ ತಾನೇ ಗೆದ್ದೆನೆಂದು ಕೈಯೆತ್ತಿದನು. ಗೆದ್ದಿದ್ದವನು ಆಸ್ಟ್ರೇಲಿಯದ ಕೆಡೆಲ್ ಇವಾನ್ಸ್, ಚಕ್ರದ ಒಂದಿಷ್ಟು ಅಂತರದಿಂದ. ಗೆರೆಯ ಮೇಲಿದ್ದವನಿಗೇ ತಿಳಿಯದ ಫಲ ಬೆಳಗಿನ ಪತ್ರಿಕೆಗೆ ತಿಳಿಯುವುದು ಹೇಗೆ?

2021ರಲ್ಲಿ ಈ ಗುಡ್ಡವನ್ನು ಎರಡು ಸಲ ಹತ್ತಬೇಕಾಗಿತ್ತು. ಮೊದಲ ಸಲ ನೆತ್ತಿ ಮುಟ್ಟಿದವನಿಗೆ ಎಂಟು ಸೆಕೆಂಡಿನ ಬೋನಸ್ಸು; ಎರಡನೆಯ ಸಲ, ಅಂದರೆ ಓಟವನ್ನೇ ಗೆದ್ದವನಿಗೆ ಹತ್ತು. ದಿನವನ್ನು ಗೆಲ್ಲಬೇಕೆನ್ನುವ ಬುದ್ಧಿವಂತನು ಮೊದಲ ಏರಿನಲ್ಲಿ ಮೈ ಉಳಿಸಿಕೊಂಡು ಎರಡನೆಯದಕ್ಕೆ ಕಾಯುತ್ತಾನೆ. ವಾನ್ ಡರ್ ಪೂಲ್ ಕಾಯಲಿಲ್ಲ. ಮೊದಲ ಏರಿನಲ್ಲಿಯೇ ಒಬ್ಬನೇ ಜಿಗಿದು ಎಂಟು ಸೆಕೆಂಡನ್ನು ತೆಗೆದುಕೊಂಡನು. ನೋಡುವವರಿಗೆ ಅದು ಹುಡುಗಾಟವೆಂದು ತೋರಿದ್ದರೆ ಆಶ್ಚರ್ಯವಿಲ್ಲ. ಅವನ ಲೆಕ್ಕ ಬೇರೆ ಇತ್ತು. ಸಾಲ ಹದಿನೆಂಟು. ಬರೀ ಹತ್ತರಿಂದ ತೀರದು. ಎಂಟೂ ಬೇಕು, ಹತ್ತೂ ಬೇಕು. ಎರಡನ್ನೂ ಗಳಿಸಿದರೆ ಸಾಲ ಸರಿಯಾಗಿ ಸೊನ್ನೆಯಾಗುತ್ತದೆ. ಆ ಮೇಲೆ ಎದುರಾಳಿಗಿಂತ ಎಷ್ಟು ಸೆಕೆಂಡು ಮೊದಲು ಬಂದರೆ ಅಷ್ಟು ಲಾಭ.

ಎರಡನೆಯ ಏರು ಬಂತು. ಕೊನೆಯ ಕಿಲೋಮೀಟರಿನೊಳಗೆ, ಎಲ್ಲರೂ ಒಬ್ಬರ ಮುಖವನ್ನೊಬ್ಬರು ನೋಡುತ್ತಿದ್ದಾಗ, ಒಮ್ಮೆ ಶಕ್ತಿ ವ್ಯಯಮಾಡಿದ್ದ ಅದೇ ಸವಾರನು ಮತ್ತೆ ಜಿಗಿದನು. ಅವನ ತಾತ ಪ್ಯುಯಿ ದ ದೋಮಿನಲ್ಲಿ ತಡಮಾಡಿದ್ದನು, ಮೊಮ್ಮಗ ತಡಮಾಡಲಿಲ್ಲ. ಪೊಗಾಚಾರ್ ಮತ್ತು ರೋಗ್ಲಿಚ್ ಆರು ಸೆಕೆಂಡು ಹಿಂದೆ ಬಂದರು. ಅಲಾಫಿಲಿಪ್ ಎಂಟು ಸೆಕೆಂಡು ಹಿಂದೆ. ಹಳದಿ ಅಂಗಿ ಎಂಟು ಸೆಕೆಂಡಿನ ಅಂತರದಿಂದ ಪುಲಿದೋರನ ಮನೆಗೆ ಬಂತು. ಗೆರೆ ದಾಟುವಾಗ ಅವನು ಬೆರಳನ್ನು ಆಕಾಶದತ್ತ ಎತ್ತಿದನು. ಆಮೇಲೆ ಮಾತಾಡಲು ಹೋಗಿ ಅತ್ತುಬಿಟ್ಟನು. ತಾತ ತೀರಿಕೊಂಡು ಇಪ್ಪತ್ತು ತಿಂಗಳು ತುಂಬಿರಲಿಲ್ಲ.

ಅಂದು ಅವನ ಹೆಸರಿಗೆ ಗೆರೆ ಸುತ್ತಿದ್ದ ಭವಿಷ್ಯಕಾರರು ಅನೇಕರಿದ್ದಿರಬೇಕು. ಗುಡ್ಡದ ಉದ್ದ, ಅವನ ತೊಡೆಯ ಬಲ, ಮುನ್ನಾದಿನದ ಹಸಿವು ಎಲ್ಲವೂ ಅವನತ್ತಲೇ ಬೆರಳು ತೋರಿಸುತ್ತಿದ್ದವು. ಆದರೂ ಫಲ ನಿಜವಾದಾಗ ಭವಿಷ್ಯ ನಿಜವಾಯಿತೆಂಬ ಹೆಮ್ಮೆ ಯಾರಿಗೂ ದೊಡ್ಡದಾಗಿ ತೋರಿರಲಾರದು. ಐವತ್ತೇಳು ವರ್ಷಗಳ ಹಿಂದೆ ಹದಿನಾಲ್ಕು ಸೆಕೆಂಡಿಗೆ ತಪ್ಪಿದ್ದು ತೀರಿತಲ್ಲ ಎಂಬ ಸಮಾಧಾನದ ಮುಂದೆ ಪೆನ್ಸಿಲಿನ ಗೆರೆ ಯಾವ ಲೆಕ್ಕ!

ಹೃದಯದ ಬಲ ಬೆಟ್ಟವನ್ನು ತಗ್ಗಿಸುತ್ತದೆಂಬ ನೀತಿಯನ್ನು ಇಲ್ಲಿಂದ ಎತ್ತಿ ಹೇಳುವ ಆಸೆ ಯಾರಿಗಾದರೂ ಹುಟ್ಟೀತು. ಅವಸರಪಡಬಾರದು. 2025ರ ಜುಲೈಯಲ್ಲಿ ಅದೇ ವಾನ್ ಡರ್ ಪೂಲ್ ನಾರ್ಮಂಡಿಯ ಗುಡ್ಡಗಳ ನಡುವೆ ಹಳದಿ ಅಂಗಿಯನ್ನು ಮತ್ತೊಮ್ಮೆ ತೊಟ್ಟನು, ಒಂದೇ ಒಂದು ಸೆಕೆಂಡಿನ ಅಂತರದಿಂದ. ಮರುದಿನದ ಓಟ ಮುಗಿಯುವುದು ಎಲ್ಲಿ? ಅದೇ ಮ್ಯೂರ್ ದ ಬ್ರತಾಞ್ ಗುಡ್ಡದಲ್ಲಿ. ಕಥೆ ಬರೆಯುವವನ ಕೈಗೆ ಸಿಕ್ಕಿದ್ದರೆ ಅವನನ್ನು ಗೆಲ್ಲಿಸಿಬಿಡುತ್ತಿದ್ದನು. ಗುಡ್ಡ ಕಥೆಗಾರನ ಮಾತು ಕೇಳಲಿಲ್ಲ. ಗೆದ್ದವನು ಪೊಗಾಚಾರ್. ವಾನ್ ಡರ್ ಪೂಲ್ ಒಂದು ನಿಮಿಷ ಇಪ್ಪತ್ತು ಸೆಕೆಂಡು ಹಿಂದೆ ಬಂದು ಅಂಗಿಯನ್ನು ಬಿಚ್ಚಿಕೊಟ್ಟನು. ಅದೇ ತಾತ, ಅದೇ ಮೊಮ್ಮಗ, ಅದೇ ಎರಡು ಕಿಲೋಮೀಟರಿನ ಏರು. ಅಂದು ಕೊಟ್ಟ ಕೈಯೇ ಇಂದು ಕಿತ್ತುಕೊಂಡಿತು. ಇದರಲ್ಲಿ ಕ್ರೌರ್ಯವೂ ಇಲ್ಲ, ಕರುಣೆಯೂ ಇಲ್ಲ. ಗು‌ಡ್ಡಕ್ಕೆ ಯಾರ ವಂಶಾವಳಿಯೂ ತಿಳಿಯದು.

ಹಾಗಾದರೆ ಈ ವಿದ್ಯೆ ಏತಕ್ಕೆ? ಯಾರು ಗೆಲ್ಲುವರೆಂದು ಮೊದಲೇ ತಿಳಿಯುವುದಕ್ಕಾಗಿ ಅಲ್ಲವೆಂಬುದು ಸ್ಪಷ್ಟ. ನಿಶ್ಚಯವಾಗಿ ತಿಳಿದುಬಿಟ್ಟರೆ ಗುಡ್ಡದ ಬದಿಯಲ್ಲಿ ಬುತ್ತಿ ಕಟ್ಟಿಕೊಂಡು ಬೆಳಗಿನಿಂದ ಬಿಸಿಲಲ್ಲಿ ಕಾಯುವವರು ಯಾರು? ಒಂದು ಹೆಸರಿಗೆ ಗೆರೆ ಸುತ್ತುವುದೆಂದರೆ ನೂರೆಂಬತ್ತು ಅಪರಿಚಿತರಲ್ಲಿ ಒಬ್ಬನನ್ನು ಸಂಜೆಯವರೆಗೆ ತನ್ನವನನ್ನಾಗಿ ಮಾಡಿಕೊಳ್ಳುವುದು. ಅವನು ಏದುಸಿರು ಬಿಟ್ಟರೆ ಇವನ ಎದೆ ಹೊಡೆದುಕೊಳ್ಳುತ್ತದೆ. ಅವನ ಚಕ್ರದ ಗಾಳಿ ಹೋದರೆ ಇವನ ಕಾಫಿ ತಣ್ಣಗಾಗುತ್ತದೆ. ಪುಲಿದೋರನ ಹೆಸರಿಗೆ ಹದಿನಾಲ್ಕು ಬೇಸಿಗೆ ಗೆರೆ ಸುತ್ತಿದವರು ಒಂದು ಸಲವೂ ಅವನ ಮೈಮೇಲೆ ಹಳದಿ ಅಂಗಿಯನ್ನು ಕಾಣಲಿಲ್ಲ. ಆದರೂ ನಷ್ಟವಾಯಿತೆಂದು ಅವರು ಹೇಳಿದಂತಿಲ್ಲ.

ಬರುವ ಜುಲೈಯಲ್ಲಿಯೂ ಎಲ್ಲಿಯೋ ಒಂದು ಸಣ್ಣ ಊರಿನ ಕಾಫಿಯಂಗಡಿಯಲ್ಲಿ ಪತ್ರಿಕೆ ಹರಡಿಕೊಳ್ಳುತ್ತದೆ. ಗರಗಸದ ಹಲ್ಲುಗಳಂಥ ಗೆರೆಯ ಮೇಲೆ ಕನ್ನಡಕ ಬಾಗುತ್ತದೆ. ನಿನ್ನೆಯ ಸುಳ್ಳನ್ನು ಯಾರೂ ಎತ್ತಿ ಆಡುವುದಿಲ್ಲ. ಕಿವಿಯ ಸಂದಿನಿಂದ ಪೆನ್ಸಿಲು ಇಳಿಯುತ್ತದೆ.